ಸಹಾಯ ಬೇಕು: ಗೋಕರ್ಣಕ್ಕೆ ಒಂಬತ್ತು ಜನ, ತಲೆಗೆ 2,500 ರೂಪಾಯಿ

ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನ ಡಿಗ್ರಿ ವಿದ್ಯಾರ್ಥಿಗಳು. ಡಿಸೆಂಬರ್‌ನಲ್ಲಿ ಎರಡು ರಾತ್ರಿ ಗೋಕರ್ಣಕ್ಕೆ ಹೊರಟಿದ್ದೇವೆ. ತಲೆಗೆ 2,500 ದಾಟಿದರೆ ಮೂವರು ಬರುವುದಿಲ್ಲ.

ಹೋಗಲು ಪಂಚಗಂಗಾ ಎಕ್ಸ್‌ಪ್ರೆಸ್‌ನ ಸ್ಲೀಪರ್ ನೋಡಿದ್ದೇವೆ. ಬೆಳಗ್ಗೆ ಗೋಕರ್ಣ ರೋಡ್ ಸ್ಟೇಷನ್‌ನಲ್ಲಿ ಇಳಿದರೆ ಊರಿಗೆ ಬಸ್ ಸಿಗುತ್ತದಾ, ಇಲ್ಲಾ ಆಟೋನೇ ಗತಿಯಾ? ಉಳಿಯಲು ಕುಡ್ಲೆ ಬೀಚ್ ಅಗ್ಗವಾ, ದೇವಸ್ಥಾನದ ಕಡೆಯಾ? ಕಳೆದ ಸಲ ಬೇರೊಂದು ಊರಲ್ಲಿ ಸುಮ್ನೆ ಫೋಟೋ ನೋಡಿ ಮುಂಗಡ ಕೊಟ್ಟು ಕೈ ಸುಟ್ಟುಕೊಂಡೆವು. ಹಾಗಾಗಿ ನೀವೇ ಉಳಿದ ಜಾಗ ಇದ್ದರೆ ಮಾತ್ರ ಹೇಳಿ.

ಓಂ ಬೀಚ್‌ನಿಂದ ಹಾಫ್ ಮೂನ್, ಪ್ಯಾರಡೈಸ್ ತನಕ ಗುಡ್ಡದ ದಾರಿಯಲ್ಲಿ ನಡೆಯುವ ಆಸೆ. ಎಷ್ಟು ಹೊತ್ತಿಗೆ ಹೊರಟರೆ ಕತ್ತಲಾಗುವ ಮೊದಲು ವಾಪಸ್ ಬರಬಹುದು? ದೋಣಿಯವರು ಒಬ್ಬರಿಗೆ ಎಷ್ಟು ಕೇಳುತ್ತಾರೆ? ಅಂದಹಾಗೆ, ಇಬ್ಬರನ್ನು ಬಿಟ್ಟರೆ ನಮ್ಮಲ್ಲಿ ಯಾರಿಗೂ ಈಜು ಬರುವುದಿಲ್ಲ. ಮೊಣಕಾಲು ಮುಳುಗುವಷ್ಟು ನೀರಿದ್ದರೆ ಸಾಕು!