ಡೋಟಾಟೇಟ್‌ಗೆ ಗ್ಯಾಲಿಯಂ ಕೂರುತ್ತಿಲ್ಲ, ಮಾಸ್ 53 ಮಾತ್ರ ಏರುತ್ತಿದೆ

ಗಂಗೋತ್ರಿ ಲ್ಯಾಬ್:
ನಮಸ್ಕಾರ. ಮೈಸೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಕೆಲವು ಗೆಡ್ಡೆಗಳ ಕೋಶಗಳ ಮೇಲೆ ಹೆಚ್ಚಾಗಿರುವ ಸೊಮಾಟೊಸ್ಟಾಟಿನ್ ರಿಸೆಪ್ಟರ್‌ಗೆ ಅಂಟುವ ಪೆಪ್ಟೈಡ್‌ಗಳ ಕೆಲಸ. ಕೈ ಪಳಗಲಿ ಎಂದು ಮೊದಲು ಡೋಟಾಟೇಟ್‌ಗೆ (ಲೋಹ ಹಿಡಿಯುವ ಡೋಟಾ ಎಂಬ ಭಾಗ ಅಂಟಿಸಿದ ಪೆಪ್ಟೈಡ್) ವಿಕಿರಣವಿಲ್ಲದ ಸಾದಾ ಗ್ಯಾಲಿಯಂ ಸೇರಿಸುತ್ತಿದ್ದೇನೆ. 50 ಮೈಕ್ರೋಗ್ರಾಂ ಪೆಪ್ಟೈಡ್, ಅಸಿಟೇಟ್ ಬಫರ್, ಪಿಎಚ್ 4, 95 ಡಿಗ್ರಿಯಲ್ಲಿ 10 ನಿಮಿಷ. ಮಾಸ್ (ಅಣುತೂಕ) 1435.6 ಇದ್ದದ್ದು 1502.3 ಆಗಬೇಕು. ಬರುತ್ತಿರುವುದು 1488.4. ಮೂರು ಸಲವೂ ಅದೇ. ಬಿಸಿ ಸಾಲದಾ?

ಮಂಡ್ಯ ಫಾರ್ಮಾ:
ಪಿಎಚ್ ಜಾಸ್ತಿ ಆಗಿರಬಹುದು. ಆಗ ಗ್ಯಾಲಿಯಂ ಹೈಡ್ರಾಕ್ಸೈಡ್ ಆಗಿಬಿಡುತ್ತದೆ.

ಹಳೇ ಕೆಮಿಸ್ಟ್:
ಹಾಗಾಗಿದ್ದರೆ ಪೆಪ್ಟೈಡ್ ಖಾಲಿಯಾಗಿಯೇ, 1435.6ರಲ್ಲೇ ಉಳಿಯಬೇಕಿತ್ತು ಅಲ್ವಾ? ಇಲ್ಲಿ ಬೇರೆ ಏನೋ ಬಂದು ಕೂತಿದೆ. ಲೋಹ ಕೂತಾಗ ಮೂರು ಹೈಡ್ರೋಜನ್ ಹೋಗುತ್ತವೆ. ಗ್ಯಾಲಿಯಂ ಆದರೆ 67 ಏರಬೇಕು. 53 ಏರಿದರೆ ಅದು ಕಬ್ಬಿಣ. ನಿಮ್ಮ ಬಿಸಿ, ಸಮಯ ಎರಡೂ ಸರಿ ಇವೆ.

ಲೆಕ್ಕ ನೋಡಿ. 50 ಮೈಕ್ರೋಗ್ರಾಂ ಎಂದರೆ ಸುಮಾರು 35 ನ್ಯಾನೋಮೋಲ್. ಅಷ್ಟನ್ನೂ ತುಂಬಲು 2 ಮೈಕ್ರೋಗ್ರಾಂ ಕಬ್ಬಿಣ ಸಾಕು. ಕಣ್ಣಿಗೇ ಕಾಣುವುದಿಲ್ಲ. ಆಸಿಡ್ಡನ್ನು ಸ್ಟೀಲ್ ಸೂಜಿಯಲ್ಲಿ ಎಳೆಯುತ್ತೀರಾ? ಬಫರ್ ಪುಡಿಗೆ ಸ್ಟೀಲ್ ಸ್ಪ್ಯಾಚುಲಾ ಹಾಕುತ್ತೀರಾ? ಗಾಜಿನ ಸಾಮಾನು ಬೋರ್‌ವೆಲ್ ನೀರಿನಲ್ಲಿ ತೊಳೆದದ್ದಾ?

ಸುಮ್ನೆ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ, ಕಳ್ಳ ಸಿಗುವುದಿಲ್ಲ. ಗ್ಯಾಲಿಯಂ ಹಾಕದೆ, ಉಳಿದದ್ದೆಲ್ಲ ಹಾಗೇ ಇಟ್ಟು ಬಿಸಿ ಮಾಡಿ. ಬಿಸಿ ಮಾಡದ ಪೆಪ್ಟೈಡ್‌ನ ಮಾಸ್ ಕೂಡ ತೆಗೆಸಿ. ಅದರಲ್ಲೇ 53 ಇದ್ದರೆ ಆ ವಯಲ್ ಬಿಟ್ಟುಬಿಡಿ. ಡೋಟಾ ಹಿಡಿದ ಕಬ್ಬಿಣವನ್ನು ಬಿಡಿಸುವುದು ಕಷ್ಟ.

ಇದನ್ನು ಈಗಲೇ ಸರಿಮಾಡಿಕೊಳ್ಳಿ. ಮುಂದೆ ವಿಕಿರಣ ಸೂಸುವ ಗ್ಯಾಲಿಯಂ-68 ಬಂದಾಗ ಅದರ ಪ್ರಮಾಣ ಪೆಪ್ಟೈಡ್‌ಗಿಂತ ಎಷ್ಟೋ ಪಾಲು ಕಡಿಮೆ. ಅರ್ಧಾಯುಷ್ಯ ಬರೀ 68 ನಿಮಿಷ. ಸ್ಕ್ಯಾನ್‌ಗೆ ರೋಗಿ ಕಾದಿರುವಾಗ ಮತ್ತೊಮ್ಮೆ ಮಾಡೋಣ ಎನ್ನಲು ಆಗುವುದಿಲ್ಲ. ಚಿಕಿತ್ಸೆಗೆ ಬಳಸುವ ಲುಟೀಷಿಯಂ-177ಕ್ಕೂ ಇದೇ ಡೋಟಾ, ಇದೇ ತೊಂದರೆ.

ಗಂಗೋತ್ರಿ ಲ್ಯಾಬ್:
ಸರ್, ಸಿಕ್ಕಿತು! ಪೆಪ್ಟೈಡ್ ವಯಲ್ ಚೆನ್ನಾಗಿದೆ. ಸೂಜಿಯಲ್ಲಿ ಎಳೆದ ಆಸಿಡ್ ಹಾಕಿದ್ದರಲ್ಲಿ ಗ್ಯಾಲಿಯಂ ಇಲ್ಲದೆಯೂ 1488.4 ಬಂತು. ಹೊಸ ಬಾಟಲಿಯಿಂದ ಪ್ಲಾಸ್ಟಿಕ್ ಟಿಪ್‌ನಲ್ಲಿ ತೆಗೆದದ್ದರಲ್ಲಿ ಅದು ಬಹುತೇಕ ಇಲ್ಲ. ಹಳೆಯ ಆಸಿಡ್ ಬಾಟಲಿಗೆ ಸೂಜಿ ಚುಚ್ಚಿ ವಾರಗಟ್ಟಲೆ ಹಾಗೇ ಬಿಟ್ಟಿದ್ದೆ. ಹೊಸ ಆಸಿಡ್‌ನಲ್ಲಿ ಗ್ಯಾಲಿಯಂ ಹಾಕಿದೆ, 1502.3 ಬಂತು. ಪಕ್ಕದಲ್ಲಿ ಕಬ್ಬಿಣದ ಸಣ್ಣ ಪೀಕ್ ಇನ್ನೂ ಇದೆ.

ಹಳೇ ಕೆಮಿಸ್ಟ್:
ತುಂಬಾ ಖುಷಿಯಾಯಿತು. ಉಳಿದದ್ದು ಬಫರ್‌ನದ್ದು ಇರಬೇಕು. ಲೋಹ ಹಿಡಿದಿಡುವ ಚೆಲೆಕ್ಸ್ ರೆಸಿನ್ ಮೇಲೆ ಹಾಯಿಸಿ ನೋಡಿ. ಪಿಎಚ್ ಮೀಟರಿನ ಕಡ್ಡಿಯನ್ನೂ ಬಫರ್‌ಗೆ ಅದ್ದಬೇಡಿ, ಒಂದು ಹನಿ ತೆಗೆದು ಪಿಎಚ್ ಪಟ್ಟಿಯ ಮೇಲೆ ನೋಡಿದರೆ ಸಾಕು.