ಅನುಮಾನ ಇದೆ, ಪುರಾವೆ ಇಲ್ಲ. ಸಹಾಯವಾಣಿಗೆ ಹೇಳಬಹುದಾ?

ಪ್ರಶ್ನೆ: ಮೇಡಂ, ಪಕ್ಕದ ಮನೆಯಲ್ಲಿ ಕೆಲಸಕ್ಕಿರುವ ಹುಡುಗಿ ಒಬ್ಬಳೇ ಹೊರಗೆ ಬಂದಿದ್ದನ್ನು ನಾನು ನೋಡಿಯೇ ಇಲ್ಲ. ಕಸ ಇಡಲು ಬಂದಾಗಲೂ ಮನೆಯವರು ಯಾರಾದರೂ ಬಾಗಿಲಲ್ಲಿ ನಿಂತಿರುತ್ತಾರೆ. ಅವಳನ್ನು ಮಾತಾಡಿಸಿದರೆ ಉತ್ತರ ಕೊಡುವುದು ಅವರು. ಒಮ್ಮೆ ಮಾತ್ರ ಮೆಲ್ಲಗೆ, "ಸಾಲ ತೀರೋವರೆಗೂ ಪಾಸ್‌ಪೋರ್ಟ್ ಕೊಡಲ್ವಂತೆ" ಅಂದಳು. ಇದು ಮಾನವ ಕಳ್ಳಸಾಗಣೆ ಇರಬಹುದಾ? ನಾನೇ ಹೇಳಿದ್ದು ಅಂತ ಅವರಿಗೆ ಗೊತ್ತಾದರೆ?

ಉತ್ತರ (ಸಹಾಯವಾಣಿಯ ಆಪ್ತ ಸಮಾಲೋಚಕಿ): ಇರಬಹುದು. ಸಾಬೀತು ಮಾಡುವುದು ನಿಮ್ಮ ಹೊಣೆಯಲ್ಲ, ಕರೆ ಮಾಡಲು ಇಷ್ಟು ಸಾಕು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಬಲವಂತದ ದುಡಿಮೆಗೆ 11 ಸೂಚಕಗಳನ್ನು ಕೊಟ್ಟಿದೆ. ದಾಖಲೆ ಕಿತ್ತಿಟ್ಟುಕೊಳ್ಳುವುದು, ಸಾಲದಲ್ಲಿ ಸಿಕ್ಕಿಸುವುದು, ಓಡಾಟಕ್ಕೆ ತಡೆ, ಮೂರೂ ಅದರಲ್ಲಿವೆ. "ಅವಳೇ ಒಪ್ಪಿ ಬಂದಳು" ಎಂಬ ಮಾತು ಬರುತ್ತದೆ, ಯಾವಾಗಲೂ ಬರುತ್ತದೆ. ಮಾನವ ಕಳ್ಳಸಾಗಣೆ ತಡೆಯಲು ಮಾಡಿದ ವಿಶ್ವಸಂಸ್ಥೆಯ 2000ದ ಒಪ್ಪಂದದ ಪ್ರಕಾರ ಮೋಸ, ಬೆದರಿಕೆ ನಡೆದಿದ್ದರೆ ಆ ಒಪ್ಪಿಗೆಗೆ ಬೆಲೆಯಿಲ್ಲ. 18 ವರ್ಷದೊಳಗಿನವರಾದರೆ ಮೋಸ ನಡೆದಿದೆ ಅಂತಲೂ ತೋರಿಸಬೇಕಿಲ್ಲ.

ಇನ್ನು ನಿಮ್ಮ ಭಯದ ವಿಷಯ. ಹೆಸರು ಹೇಳದೆಯೂ ಮಾತಾಡಬಹುದು. "ನನ್ನ ನಂಬರ್ ನಿಮಗೆ ಕಾಣುತ್ತಾ, ಯಾವ ಸಂದರ್ಭದಲ್ಲಿ ಪೊಲೀಸರಿಗೆ ತಿಳಿಸುತ್ತೀರಿ" ಅಂತ ಮೊದಲೇ ಕೇಳಿಬಿಡಿ. ಮಗುವಿನ ವಿಷಯವಾದರೆ ಅಥವಾ ಜೀವಕ್ಕೆ ಅಪಾಯವಿದ್ದರೆ ನಾವು ಸುಮ್ಮನಿರುವ ಹಾಗಿಲ್ಲ.

ಆದರೆ ಸಾಮಾನ್ಯವಾಗಿ ಗುಟ್ಟು ಬಿಟ್ಟುಕೊಡುವುದು ಹೆಸರಲ್ಲ, ವಿವರ. ಪಾಸ್‌ಪೋರ್ಟಿನ ಮಾತು ಅವಳು ಹೇಳಿದ್ದು ನಿಮ್ಮೊಬ್ಬರಿಗೆ ಇರಬಹುದು. ವಿಚಾರಣೆಗೆ ಹೋದವರು ಬಾಗಿಲಲ್ಲೇ ಅದನ್ನು ಎತ್ತಿದರೆ ಮನೆಯವರಿಗೆ ಲೆಕ್ಕ ಸಿಕ್ಕಿಬಿಡುತ್ತದೆ, ಏಟು ಬೀಳುವುದು ಮೊದಲು ಅವಳಿಗೆ. ಹಾಗಾಗಿ "ಇದು ನನಗೆ ಮಾತ್ರ ಗೊತ್ತಿರಬಹುದು, ಜೋಪಾನ" ಅಂತ ಬಿಡಿಸಿ ಹೇಳಿ. ಕಂಡದ್ದು ಬೇರೆ, ಊಹಿಸಿದ್ದು ಬೇರೆ ಇರಲಿ: ಕಸ ಇಡುವ ಹೊತ್ತು, ಕಾವಲು ನಿಲ್ಲುವವರು, ಬಂದುಹೋಗುವ ಗಾಡಿಯ ನಂಬರ್. ಗೋಡೆಯಾಚೆ ಕೇಳಿಸುವ ಜಾಗದಿಂದ ಕರೆ ಬೇಡ. ಫೋನು ಮನೆಯಲ್ಲಿ ಬೇರೆಯವರ ಕೈಗೂ ಹೋಗುವುದಾದರೆ ಕರೆಯ ದಾಖಲೆ ಅಳಿಸಿ.

ಫೋಟೋ ತೆಗೆಯಬೇಡಿ. ಅವಳನ್ನು ಕೆದಕಿ ಕೇಳಬೇಡಿ, ಕರೆ ಮಾಡುತ್ತೇನೆ ಅಂತಲೂ ಹೇಳಬೇಡಿ. ಅಕ್ಕಪಕ್ಕದವರ ವಾಟ್ಸಾಪ್ ಗುಂಪಿಗಂತೂ ಹಾಕಲೇಬೇಡಿ, ಬೆಳಗಾಗುವಷ್ಟರಲ್ಲಿ ಅವಳನ್ನು ಬೇರೆಡೆ ಸಾಗಿಸಿರುತ್ತಾರೆ.

ಪ್ರಶ್ನೆ: ಕರೆ ಮಾಡಿದ ಮೇಲೆ ಏನೂ ಆಗದಿದ್ದರೆ?

ಉತ್ತರ: ಆಗುತ್ತಿದ್ದರೂ ನಿಮಗೆ ತಿಳಿಸದೇ ಇರಬಹುದು, ಬೇಸರ ಬೇಡ. ಉಲ್ಲೇಖ ಸಂಖ್ಯೆ ಕೊಟ್ಟಿದ್ದರೆ ಇಟ್ಟುಕೊಳ್ಳಿ, ಹೊಸದೇನಾದರೂ ಕಂಡರೆ ಮತ್ತೆ ಕರೆ ಮಾಡಿ. ಹೊಡೆಯುವ ಸದ್ದು ಕೇಳಿದರೆ, ಗಾಡಿಗೆ ಹತ್ತಿಸುವುದು ಕಂಡರೆ ಮಾತ್ರ ಸಹಾಯವಾಣಿಗೆ ಕಾಯದೆ ನೇರ ತುರ್ತು ಸಂಖ್ಯೆಗೆ: ಭಾರತದಲ್ಲೂ ಯುರೋಪಿನ ಒಕ್ಕೂಟದಲ್ಲೂ 112, ಅಮೆರಿಕದಲ್ಲಿ 911. ಭಾರತದಲ್ಲಿ ಮಕ್ಕಳ ವಿಷಯಕ್ಕೆ 1098 ಕೂಡ ಇದೆ.