ವಿ-ಟೇಲ್ ಹಾಕಿದ ಮೇಲೆ ವಿಮಾನ ಓಲಾಡುತ್ತಿದೆ, ಜೈರೋ ಹಾಕಬೇಕಾ?

ಪ್ರಶ್ನೆ: ನನ್ನದು 1.2 ಮೀಟರ್ ರೆಕ್ಕೆಯ, ಬಾಲ್ಸಾ ಮರದ ರಿಮೋಟ್ ಮಾಡೆಲ್ ವಿಮಾನ. ಮೊದಲು ಮಾಮೂಲಿ ಬಾಲ ಇತ್ತು: ಎಲಿವೇಟರ್ (ಮೂಗು ಏರಿಸಿ ಇಳಿಸುವ ಪಟ್ಟಿ) ಸೇರಿ ಸ್ಟೆಬಿಲೈಜರ್ (ಅಡ್ಡ ಬಾಲ) 480 ಚದರ ಸೆಂ.ಮೀ., ರಡರ್ (ಮೂಗು ಎಡಬಲಕ್ಕೆ ತಿರುಗಿಸುವ ಪಟ್ಟಿ) ಸೇರಿ ಫಿನ್ (ನೆಟ್ಟಗೆ ನಿಂತ ಬಾಲ) 200. ಚೆನ್ನಾಗಿ ಹಾರುತ್ತಿತ್ತು. ಈಗ ಫಿನ್ ತೆಗೆದು, ಅದೇ ಸ್ಟೆಬಿಲೈಜರನ್ನು ಎರಡು ಮಾಡಿ ತಲಾ 30 ಡಿಗ್ರಿ ಮೇಲಕ್ಕೆತ್ತಿ, ಇಂಗ್ಲಿಷ್ V ಆಕಾರದ ಬಾಲ, ಅಂದರೆ ವಿ-ಟೇಲ್ ಮಾಡಿದ್ದೇನೆ. ಕನಕಪುರ ರಸ್ತೆ ಆಚೆಯ ಬಯಲಿನಲ್ಲಿ ಹಾರಿಸಿದರೆ ಮೂಗು ಎಡಕ್ಕೂ ಬಲಕ್ಕೂ ಆಡುತ್ತದೆ, ಜೊತೆಗೆ ರೆಕ್ಕೆಯೂ ವಾಲುತ್ತದೆ. ಎಲಿವೇಟರ್ ಸ್ವಲ್ಪ ಎಳೆದರೂ ಮೂಗು ಗಬಕ್ಕನೆ ಏಳುತ್ತದೆ. ಎಸ್‌ಪಿ ರಸ್ತೆಯಿಂದ ಜೈರೋ (ಓಲಾಟ ಗುರುತಿಸಿ ತಾನೇ ತಿದ್ದುವ ಸಾಧನ) ತಂದು ಹಾಕಿದರೆ ಸರಿಹೋಗುತ್ತಾ?

ಉತ್ತರ: ಜೈರೋ ಈಗಲೇ ಬೇಡ. ನಿಮ್ಮ ಬಾಲ ಚಿಕ್ಕದಾಗಿದೆ, ಅಷ್ಟೇ.

ಓರೆಯಾಗಿ ನಿಂತ ಬಾಲ ಸ್ಟೆಬಿಲೈಜರ್, ಫಿನ್ ಎರಡರ ಕೆಲಸವನ್ನೂ ಮಾಡುತ್ತದೆ, ಆದರೆ ಇರುವ ವಿಸ್ತೀರ್ಣವನ್ನೇ ಹಂಚಿಕೊಳ್ಳುತ್ತದೆ. ಸ್ಟೆಬಿಲೈಜರ್ ಪಾಲಿಗೆ ಕೋನದ ಕಾಸ್ ವರ್ಗ, ಫಿನ್ ಪಾಲಿಗೆ ಸೈನ್ ವರ್ಗ. 30 ಡಿಗ್ರಿಗೆ ಅದು 0.75 ಮತ್ತು 0.25. ನಿಮ್ಮ 480ರಲ್ಲಿ ಸ್ಟೆಬಿಲೈಜರ್‌ಗೆ 360, ಫಿನ್‌ಗೆ ಬರೀ 120 ಸಿಕ್ಕಿದೆ. 200 ಇದ್ದ ಫಿನ್ 120ಕ್ಕೆ ಇಳಿದರೆ ಮೂಗು ಆಡದೆ ಇರುತ್ತಾ? ಅದರ ಜೊತೆ ರೆಕ್ಕೆಯೂ ವಾಲುವುದಕ್ಕೆ ಡಚ್ ರೋಲ್ ಅಂತಾರೆ. ಸ್ಟೆಬಿಲೈಜರ್ ಪಾಲು ಕಡಿಮೆಯಾದಾಗ ನ್ಯೂಟ್ರಲ್ ಪಾಯಿಂಟ್ (ವಿಮಾನ ಸ್ಥಿರವಾಗಿರಲು ತೂಕದ ಕೇಂದ್ರ ಯಾವ ಬಿಂದುವಿಗಿಂತ ಮುಂದಿರಬೇಕೋ ಅದು) ಮುಂದಕ್ಕೆ ಬರುತ್ತದೆ. ಸಿ.ಜಿ., ಅಂದರೆ ತೂಕದ ಕೇಂದ್ರ, ಇದ್ದಲ್ಲೇ ಇದ್ದರೂ ವಿಮಾನ ಬಾಲಭಾರವಾದಂತೆ ವರ್ತಿಸುತ್ತದೆ. ಮೂಗು ಗಬಕ್ಕನೆ ಏಳುವುದು ಇದಕ್ಕೇ.

ಹೊಸ ಬಾಲಕ್ಕೆ ಹಳೆಯ ಎರಡರ ಮೊತ್ತ, ಅಂದರೆ 680 ಕೊಡಿ. ಕೋನಕ್ಕೆ 200ನ್ನು 480ರಿಂದ ಭಾಗಿಸಿ, ವರ್ಗಮೂಲ ತೆಗೆದು, ಕ್ಯಾಲ್ಕುಲೇಟರ್‌ನಲ್ಲಿ ಟ್ಯಾನ್ ಇನ್ವರ್ಸ್ ಒತ್ತಿ. ಸುಮಾರು 33 ಡಿಗ್ರಿ ಬರುತ್ತದೆ. ಕೋನ ಹೆಚ್ಚುಕಡಿಮೆ ಸರಿಯೇ ಇತ್ತು, ನೋಡಿ. ಅಲ್ಲಿಯವರೆಗೆ ಹಾರಿಸಲೇಬೇಕು ಅಂದರೆ ಬ್ಯಾಟರಿ ಮುಂದಕ್ಕೆ ತಳ್ಳಿ, ಎಲಿವೇಟರ್ ಥ್ರೋ (ಪಟ್ಟಿ ಆಡುವ ಅಳತೆ) ಕಡಿಮೆ ಮಾಡಿ.

ಪ್ರಶ್ನೆ: ಯಲಹಂಕದ ಏರ್ ಶೋನಲ್ಲಿ ತೇಜಸ್ ನೋಡಿದ್ದೇನೆ. ಅದಕ್ಕೆ ಹಿಂದೆ ಸ್ಟೆಬಿಲೈಜರ್ ಇಲ್ಲವೇ ಇಲ್ಲ, ಕಂಪ್ಯೂಟರ್ ಸಂಭಾಳಿಸುತ್ತದೆ ಅಲ್ವಾ? ಜೈರೋ ಅಂದಿದ್ದು ಅದಕ್ಕೇ.

ಉತ್ತರ: ಹೌದು, ಆದರೆ ತೇಜಸ್‌ನ ತ್ರಿಕೋನಾಕಾರದ ಡೆಲ್ಟಾ ರೆಕ್ಕೆಯ ಹಿಂದಿನ ಅಂಚಿನಲ್ಲೇ ಎಲಿವಾನ್ (ಮೂಗು ಏರಿಳಿಸುವ, ವಿಮಾನ ವಾಲಿಸುವ ಎರಡೂ ಕೆಲಸ ಮಾಡುವ ಪಟ್ಟಿಗಳು) ಇವೆ. ಇಡೀ ವಿಮಾನವನ್ನೇ ಹಾಗೆ ವಿನ್ಯಾಸ ಮಾಡಿದ್ದಾರೆ. ನಿಮ್ಮದರಲ್ಲಿ ಜೈರೋ ಓಲಾಟ ತಗ್ಗಿಸಬಹುದು, ಆದರೆ ಸರ್ವೋ (ಪಟ್ಟಿ ಆಡಿಸುವ ಪುಟ್ಟ ಮೋಟಾರ್) ಸುಮ್ನೆ ಹೊಡೆದಾಡುತ್ತಲೇ ಇರುತ್ತದೆ. ಇಳಿಯುವಾಗ ವೇಗ ಕಡಿಮೆಯಾದರೆ ಕೈಕೊಡುತ್ತದೆ. ವಿ-ಟೇಲ್ ಬೊನಾನ್ಜಾದಂಥ ದೊಡ್ಡ ವಿಮಾನದಲ್ಲೂ ಗಾಳಿ ಜಾಸ್ತಿ ಇದ್ದಾಗ ಬಾಲ ಆಡುತ್ತದೆ ಅಂತ ಹಿಂದಿನ ಸೀಟಿನವರು ಹೇಳುತ್ತಾರೆ. ಹಾಗಾಗಿ 680ಕ್ಕಿಂತ ಸ್ವಲ್ಪ ಜಾಸ್ತಿ ಇಟ್ಟರೂ ನಷ್ಟವಿಲ್ಲ.

ಇನ್ನೊಂದು ಮಾತು. ಹೊಸ ಬಾಲ ಹಾಕಿದ ಮೇಲೆ ಮಿಕ್ಸಿಂಗ್ (ಎಲಿವೇಟರ್, ರಡರ್ ಎರಡರ ಆದೇಶವೂ ಬಾಲದ ಎರಡೂ ಪಟ್ಟಿಗೆ ಸೇರಿ ಹೋಗುವ ಏರ್ಪಾಟು) ನೋಡಿಕೊಳ್ಳಿ. ವಿಮಾನದ ಹಿಂದೆ ನಿಂತು ಸ್ಟಿಕ್ ಎಳೆಯಿರಿ: ಎರಡೂ ಪಟ್ಟಿ ಮೇಲೇಳಬೇಕು. ರಡರ್ ಬಲಕ್ಕೆ ಒತ್ತಿ: ಬಲದ ಪಟ್ಟಿ ಕೆಳಗೆ, ಎಡದ್ದು ಮೇಲೆ. ಹೀಗೆ ಒತ್ತಿದಾಗ ವಿಮಾನವನ್ನು ಎಡಕ್ಕೆ ಉರುಳಿಸುವ ಒತ್ತಡವೂ ಸ್ವಲ್ಪ ಹುಟ್ಟುತ್ತದೆ, ಅದು ವಿ-ಟೇಲ್‌ನ ಸ್ವಭಾವ. ತಿರುವಿನಲ್ಲಿ ಐಲೆರಾನನ್ನೂ (ವಿಮಾನ ವಾಲಿಸುವ ರೆಕ್ಕೆಯ ಪಟ್ಟಿ) ಜೊತೆಗೇ ಕೊಡಿ.